ಬುರ್ಲಿ ವಿಮಾನದ ಮಿಸ್ತ್ರಿ

"ಮಾಸ್ತರ್ರ, ನಿಮ್ಮ ವಿಮಾನ ಸಿಕ್ಕಬೀಳತೈತ್ರಿ."

ಒಂದು ರವಿವಾರ ಬೆಳಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ರವಿವಾರದ ಪುರವಣಿ ಇತ್ತು. ಅದರಲ್ಲಿ ನನ್ನ ಮಕ್ಕಳ ಧಾರಾವಾಹಿಯ ಮೂರನೆಯ ಕಂತು ಬಂದಿತ್ತು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಬಿಡುವಿನಲ್ಲಿ ಕತೆ ಬರೆಯುತ್ತಿದ್ದ ನನಗೆ ಓದುಗರು ಮನೆತನಕ ಬಂದದ್ದು ಅದೇ ಮೊದಲು. ಹೊಗಳುತ್ತಾರೆಂದು ಕುರ್ಚಿ ಹಾಕಿದೆ. ಅವರು ಕೂಡಲಿಲ್ಲ.

ನನ್ನ ಕತೆಯ ಯುದ್ಧವಿಮಾನಕ್ಕೆ 'ಅಗ್ನಿಬಾಣ' ಎಂದು ಹೆಸರಿಟ್ಟಿದ್ದೆ. ಕೆಂಪು ಬಣ್ಣ, ನೆಟ್ಟಗೆ ನಿಂತ ಎರಡು ಬಾಲ, ರೆಕ್ಕೆಯ ಕೆಳಗೆ ಸಾಲಾಗಿ ತೂಗುವ ಕ್ಷಿಪಣಿ. ಇಷ್ಟೆಲ್ಲ ಬರೆದು ಕೊನೆಗೆ 'ಇದು ಯಾವ ರಡಾರಿಗೂ ಕಾಣುವುದಿಲ್ಲ' ಎಂದೂ ಬರೆದಿದ್ದೆ.

"ಇಷ್ಟೆಲ್ಲಾ ಜೋತು ಬಿಟ್ಕೊಂಡು ಹೊಂಟ್ರ ಕಾಣದ ಇರತೈತೇನ್ರಿ?" ಎಂದರು. "ಮದವಿ ಬಂಡಿ ಆತದು."

ನನಗೆ ಸಿಟ್ಟು ಬಂತು. ನನಗೆ ಬೇಗ ಬರುತ್ತದೆ, ಸಾಲೆಯ ಮಕ್ಕಳನ್ನು ಕೇಳಿ. ಆದರೆ ವಿಜ್ಞಾನದ ಮಾಸ್ತರನಾಗಿ ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದರಿಂದ ಸಿಟ್ಟನ್ನು ನುಂಗಿಕೊಂಡು ಚಹಾ ಹೇಳಿದೆ.

ಅವರು ಹೋದ ತಿಂಗಳು ತೀರಿಕೊಂಡರು. ನವನಗರದ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೊಗಳಿಕೆಯ ಕೆಳಗೆ ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಹುಟ್ಟಿದ್ದು ಅಮ್ಮಿನಬಾವಿಯ ಬಡಿಗರ ಮನೆಯಲ್ಲಿ. ಕೂರಿಗೆ, ಕುಂಟೆ ಮಾಡುತ್ತಿದ್ದ ತಂದೆಯ ಕೈಕೆಳಗೆ ಕಲಿತು, ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆ ಸೇರಿ, ಮೂವತ್ತು ವರ್ಷಕ್ಕೂ ಮಿಕ್ಕಿ ಪ್ಯಾಟರ್ನ್ ಮಾಡಿದವರು. ಪ್ಯಾಟರ್ನ್ ಎಂದರೆ ಕಟ್ಟಿಗೆಯ ಪಡಿಯಚ್ಚು. ಪಂಪಿನ ಮೈಯೋ ಗಿರಣಿಯ ಚಕ್ರವೋ, ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಸಾಗವಾನಿಯಲ್ಲಿ ಮಾಡುತ್ತಾರೆ. ಅದನ್ನು ಉಸುಕಿನಲ್ಲಿ ಒತ್ತಿ, ಮೆಲ್ಲಗೆ ಎತ್ತಿ, ಉಳಿದ ಗುಂಡಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಊರೂರಿಗೆ ಹೋಗುತ್ತದೆ, ಕಟ್ಟಿಗೆಯದು ಅಟ್ಟದ ಮೇಲೆ ಕೂಡುತ್ತದೆ. "ನಮ್ಮ ಕೆಲಸ ಅಟ್ಟ ಕಾಯೂದ್ರಿ" ಎಂದು ನಗುತ್ತಿದ್ದರು.

ಆ ಕೆಲಸ ಅವರ ಕಣ್ಣಿಗೆ ಒಂದು ಚಟ ಹಚ್ಚಿತ್ತು. ಯಾವ ವಸ್ತು ಕಂಡರೂ ಅದರ ಗೋಡೆ ಎಷ್ಟು ಓರೆ ಇದೆ ಎಂದು ನೋಡುವುದು. ನಮ್ಮ ಮನೆಯಲ್ಲಿ ಚಹಾ ಕುಡಿದು ಮುಗಿದ ಮೇಲೆ ಲೋಟ ಬೋರಲು ಹಾಕಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಒಮ್ಮೆ ಬೀಗರ ಮನೆಯ ಮದುವೆಯಲ್ಲಿ ಊಟಕ್ಕೆ ಕೂತಾಗ ಪಾಯಸದ ಬಕೆಟ್ಟಿನ ಓರೆ ನೋಡುತ್ತ ಪಾಯಸ ಬೇಡವೆನ್ನುವುದನ್ನು ಮರೆತು ಎಲೆ ತುಂಬ ಹಾಕಿಸಿಕೊಂಡರಂತೆ. ಅವರಿಗೆ ಸಿಹಿ ಮೂತ್ರದ ಬೇನೆ. ಇದನ್ನು ಹೇಳಿದ್ದು ಅವರ ಹೆಂಡತಿ. ಅತ್ತಿಗೆಯಂತಿದ್ದ ಅವರನ್ನು ನಾನು ವೈನಿ ಎನ್ನುತ್ತಿದ್ದೆ.

"ನೆಟ್ಟಗ ನಿಂತಿದ್ದು ಉಸುಕಿನ್ಯಾಗಿಂದ ಮ್ಯಾಲ ಏಳೂದಿಲ್ರಿ ಮಾಸ್ತರ್ರ," ಎಂದು ವಿವರಿಸುತ್ತಿದ್ದರು. "ಎಳದ್ರ ಉಸುಕಿನ ಗ್ವಾಡಿನೂ ಕಿತ್ಕೊಂಡ ಬರತೈತಿ. ಒಂಚೂರು ಓರೆ ಇಟ್ರ ನೋಡ್ರಿ, ಹಗೂರಕ ಏಳತೈತಿ."

ಆ ಮೊದಲ ರವಿವಾರ ನನ್ನಲ್ಲಿದ್ದ ಒಂದು ಇಂಗ್ಲಿಷ್ ವಾರಪತ್ರಿಕೆ ತೆಗೆದು ಅಮೆರಿಕದ ಕಪ್ಪು ವಿಮಾನದ ಚಿತ್ರ ತೋರಿಸಿದೆ. ರಡಾರಿಗೆ ಕಾಣದ ವಿಮಾನ ಅದು. ಮಿಸ್ತ್ರಿಗೆ ಇಂಗ್ಲಿಷ್ ಬಾರದು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಮಾಡಿದಾಂವ ನಮ್ಮ ಪೈಕಿನ ಇರಬೇಕ್ರಿ."

"ಯಾಕ್ರಿ?"

"ಒಂದು ಗ್ವಾಡಿನೂ ನೆಟ್ಟಗ ನಿಂತಿಲ್ಲ ನೋಡ್ರಿ. ಬಾಲಾ ಸುದ್ದಾ ಓರೆ ಐತಿ."

ರಡಾರಿನ ಅಲೆ ನೆಟ್ಟಗಿನ ಗೋಡೆಗೆ ಬಡಿದರೆ ಬಂದ ದಾರಿಯಲ್ಲೇ ಮರಳುತ್ತದೆ, ಓರೆಯ ಗೋಡೆಗೆ ಬಡಿದರೆ ಬೇರೆ ಕಡೆ ಹೋಗುತ್ತದೆ, ಹಾಗಾಗಿ ಕಳಿಸಿದವನಿಗೆ ಸುದ್ದಿ ಮುಟ್ಟುವುದಿಲ್ಲ ಎಂದು ಓದಿ ಹೇಳಿದೆ. ಮಿಸ್ತ್ರಿ ಸುಮ್ಮನೆ ತಲೆ ಆಡಿಸಿದರು. ಮೂವತ್ತು ವರ್ಷ ಉಸುಕಿಗಾಗಿ ಮಾಡಿದ್ದು ಆಕಾಶದಲ್ಲೂ ನಡೆಯುತ್ತದೆಂದು ತಿಳಿದು ಅವರಿಗೆ ಆದ ಸಂತೋಷ ಅವರ ಕಿವಿಯ ತುದಿಯಲ್ಲಿ ಕಾಣುತ್ತಿತ್ತು. ಕೆಂಪಾಗಿತ್ತು.

ಹೋಗುವಾಗ ಹೇಳಿದರು: "ನಿಮ್ಮ ವಿಮಾನ ನಾ ಮಾಡಿಕೊಡತೇನ್ರಿ. ನೀವು ಕತಿ ಬರೀರಿ."

ಹೀಗೆ ನನ್ನ ಅಗ್ನಿಬಾಣ ಅವರ ಹಿತ್ತಲಿನ ತಗಡಿನ ಶೆಡ್ಡಿಗೆ ಹೋಯಿತು. ಮೊದಲು ಹೋದದ್ದು ಅದರ ಹೆಸರು. "ಕಾಣಬಾರದ್ದಕ್ಕ ಬೆಂಕಿ ಹೆಸರು ಯಾಕ್ರಿ?" ಎಂದು ಕೇಳಿ, ತಾವೇ 'ಬುರ್ಲಿ' ಎಂದು ಇಟ್ಟರು. ಬುರ್ಲಿ ಜೋಳದ ಹೊಲದಲ್ಲಿ ಅಡಗಿ ಕೂಡುವ ಸಣ್ಣ ಹಕ್ಕಿ. ಮಣ್ಣಿನ ಬಣ್ಣ. ಕಾಲಿಟ್ಟೇ ಬಿಟ್ಟೆವು ಎನ್ನುವಷ್ಟರಲ್ಲಿ ಭರ್ರನೆ ಏಳುತ್ತದೆ, ನಮ್ಮ ಎದೆ ಧಸಕ್ಕೆನ್ನುತ್ತದೆ. ಜಗತ್ತಿನ ಯಾವ ವಾಯುಪಡೆಯೂ ತನ್ನ ವಿಮಾನಕ್ಕೆ ಇಂಥ ಹೆಸರಿಟ್ಟಿರಲಿಕ್ಕಿಲ್ಲ. ನನಗೆ ನಗು ಬಂದಿತ್ತು. ಮಕ್ಕಳಿಗೆ ಮಾತ್ರ ಬಹಳ ಸೇರಿತು.

ರಡಾರ್ ಇಲ್ಲದೆ ಪರೀಕ್ಷೆ ಮಾಡುವುದು ಹೇಗೆ? ಅದಕ್ಕೂ ಅವರದೇ ಒಂದು ಉಪಾಯ. ಪಾನ್ ಅಂಗಡಿಯಿಂದ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಆರಿಸಿ ತಂದು, ಉಗುರಿನಿಂದ ತಿಕ್ಕಿ ಸಾಪು ಮಾಡಿ, ಕಟ್ಟಿಗೆಯ ಮಾದರಿಗೆ ಅಂಟಿಸುತ್ತಿದ್ದರು. ಮಟಮಟ ಮಧ್ಯಾಹ್ನ ಶೆಡ್ಡಿನ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ಬ್ಯಾಟರಿಯನ್ನು ತಮ್ಮ ಮೂಗಿನ ಹತ್ತಿರವೇ ಹಿಡಿದು ವಿಮಾನದ ಮೇಲೆ ಬೆಳಕು ಬಿಡುವುದು. ಬೆಳಕು ಗೋಡೆಗೆ, ಮಾಡಿಗೆ ಹೋಗಿ ಬಿದ್ದರೆ ಪಾಸು. ತಮ್ಮ ಕಣ್ಣಿಗೇ ಮಿಂಚಿದರೆ ನಪಾಸು. ಮಿಂಚಿದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ಉಜ್ಜುಗೊರಡು ಹಿಡಿದು ಮತ್ತೆ ಕೂಡುತ್ತಿದ್ದರು.

"ಒಬ್ಬಾಂವನ ಕಣ್ಣಿಗೆ ಮರೆ ಆದ್ರ ಸಾಲದ್ರಿ. ಎಡಕ ಬಲಕ, ಮುಂದ ಹಿಂದ, ಎಲ್ಲಿ ನಿಂತು ನೋಡಿದ್ರೂ ಮರೆ ಆಗಬೇಕು" ಎನ್ನುತ್ತಿದ್ದರು.

ವೈನಿ ಶೆಡ್ಡಿನ ಬಾಗಿಲಿಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದರು. "ಮಾಸ್ತರ್ರ, ಇವರಿಗೆ ಯುದ್ಧಾನೂ ಇಲ್ಲ, ಶತ್ರೂನೂ ಇಲ್ಲ. ಇರೂ ಒಬ್ಬಾಕಿ ಶತ್ರು ನಾ. ನನ್ನ ಕಣ್ಣಿಗೆ ಬೀಳದ ಇರಾಕ ಇಷ್ಟೆಲ್ಲಾ ನಡಿಸ್ಯಾರ."

ಇಂಜಿನ್ನಿನ ಬಾಯನ್ನು ಅವರು ಬೆನ್ನಿನ ಮೇಲೆ ತಂದು, ಒಳಗೆ ಒಂದು ತಿರುವು ಕೊಟ್ಟರು. ಒಳಗಿನ ಪಂಖ ಯಾವ ದಿಕ್ಕಿನಿಂದಲೂ ಕಾಣಬಾರದು. ಹಿಂದಿನ ಹೊಗೆಬಾಯಿಯನ್ನು ಚಪ್ಪಟೆ ಮಾಡಿದರು. ಹೊಟ್ಟೆಯ ಕೆಳಗಿನ ಬಾಗಿಲುಗಳ ಅಂಚೂ ನೆಟ್ಟಗಿರಬಾರದೆಂದು ಅದಕ್ಕೆ ಗರಗಸದ ಹಲ್ಲು ಬಂತು. ಮೂಲೆಗಳಿಗೆಲ್ಲ ಮೇಣ ತುಂಬಿ ಬೆರಳಿನಿಂದ ಸವರಿ ನಯ ಮಾಡಿದರು. ಹೊಟ್ಟೆಯೊಳಗೆ ಆಯುಧ ಇಡುವ ಗೂಡು ಮಾತ್ರ ಖಾಲಿ ಇತ್ತು.

"ಇದರಾಗ ಏನಿಡೋಣು ಮಿಸ್ತ್ರಿಯವರ?" ಎಂದು ಕೇಳಿದೆ.

"ಏನೂ ಬ್ಯಾಡ್ರಿ. ಕಾಣದಂಗ ಹೋಗಿ ಕಾಣದಂಗ ಬಂದ್ರ ಸಾಲದೇನ್ರಿ?"

ಹಾಗಾಗಿ ನನ್ನ ಕತೆಯ ಶತ್ರುರಾಜನ ಕೋಟೆ ಸುಡಲಿಲ್ಲ. ಬುರ್ಲಿ ಅದರ ಮೇಲೆ ಹಾರಿ, ಫೋಟೋ ತೆಗೆದುಕೊಂಡು ಬಂತು. ಕತೆ ನನ್ನ ಕೈತಪ್ಪಿ ಹೋಗುತ್ತಿದೆ ಎಂದು ಗೊಣಗಿದರೂ, ಓದುಗ ಮಕ್ಕಳ ಪತ್ರಗಳು ಬರತೊಡಗಿದ್ದು ಬುರ್ಲಿ ಬಂದ ಮೇಲೆಯೇ. ಪುರವಣಿಯ ಸಂಪಾದಕರು ಖುಷಿಯಾಗಿ, ಕೊನೆಯ ಎರಡು ಕಂತುಗಳ ಜೊತೆ ಬುರ್ಲಿಯ ಕತ್ತರಿಸಿ ಅಂಟಿಸುವ ಚಿತ್ರ ಹಾಕೋಣ ಎಂದರು. ಒಂದು ವಾರ ರೆಕ್ಕೆ, ಮುಂದಿನ ವಾರ ಮೈ. ಮಕ್ಕಳು ರಟ್ಟಿಗೆ ಅಂಟಿಸಿ, ಕತ್ತರಿಸಿ, ಮೈಯಲ್ಲಿನ ಸೀಳಿಗೆ ರೆಕ್ಕೆ ತೂರಿಸಿದರೆ ವಿಮಾನ ತಯಾರು.

ರೆಕ್ಕೆಯ ಚಿತ್ರವನ್ನು ಮಿಸ್ತ್ರಿ ಹದಿನೈದು ದಿನ ಕೂತು ಶೆಡ್ಡಿನಲ್ಲಿ ಬರೆದುಕೊಟ್ಟರು. ಮೈಯ ಚಿತ್ರಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡಿದ್ದೆವು. ಒಂದು ಮಧ್ಯಾಹ್ನ ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಪ್ರೆಸ್ಸಿನಿಂದ ಫೋನು. ಸಂಜೆಯೊಳಗೆ ಮೈ ಬೇಕು, ನಾಲ್ಕಕ್ಕೆ ಆಳು ಬರುತ್ತಾನೆ.

"ಇಲ್ಲೇ ಬರದು ಕೊಡ್ರಿ," ಎಂದೆ. ಮಗಳ ಕಂಪಾಸ್ ಬಾಕ್ಸಿನಿಂದ ಫೂಟಪಟ್ಟಿ ತೆಗೆದು ಮುಂದಿಟ್ಟೆ.

ಅವರು ಅದನ್ನು ಕೈಯಲ್ಲಿ ತಿರುವಿ ನೋಡಿ, "ತಡೀರಿ, ನನ್ನ ಪಟ್ಟಿ ತರತೇನಿ" ಎಂದು ಎದ್ದರು. ಆ ದಿನ ಶೆಡ್ಡಿನ ಕೀಲಿಕೈ ವೈನಿಯ ಸೆರಗಿನಲ್ಲಿ, ವೈನಿ ಧಾರವಾಡದಲ್ಲಿ ತಂಗಿಯ ಮನೆಯಲ್ಲಿ.

"ಅಲ್ರಿ, ಇಂಚು ಅಂದ್ರ ಇಂಚು. ನಿಮ್ಮ ಪಟ್ಟಿಗೇನು ಕೋಡು ಮೂಡ್ಯಾವು?" ಎಂದೆ.

ಅವರು ಮಾಸ್ತರನ ಮಾತು ಎಂದು ಕೂತರು. ಕೂಡಿಸಿ ನೋಡದೆ ಯಾವುದನ್ನೂ ಕಳಿಸದ ಮನುಷ್ಯ ಅಂದು ಕೂಡಿಸಿ ನೋಡದೆ ಕಳಿಸಿದರು. ಗಡಿಯಾರ ತೋರಿಸುತ್ತ ಎದುರಿಗೆ ನಿಂತವನು ನಾನು.

ಆ ರವಿವಾರ ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು ಗೋಂದು, ಕತ್ತರಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದವಳು ಕೂಗಿದಳು: "ಅಪ್ಪಾ, ರೆಕ್ಕಿ ಒಳಗ ಹೋಗವಲ್ದು!"

ಹೋಗಲೇ ಇಲ್ಲ. ಒತ್ತಿದರೆ ರೆಕ್ಕೆ ಬಾಗಿತು, ಇನ್ನಷ್ಟು ಒತ್ತಿದರೆ ಮೈ ಹರಿಯಿತು. ಎರಡು ಮಿಲಿಮೀಟರ್ ಮಿಕ್ಕಿ ರೆಕ್ಕೆ ಉದ್ದವಾಗಿತ್ತು. ಪತ್ರಿಕೆ ಹೋದ ಊರೂರಲ್ಲಿ ಮಕ್ಕಳು ಇದೇ ಹೊತ್ತಿಗೆ ಇದನ್ನೇ ಮಾಡುತ್ತಿದ್ದಾರೆಂದು ನೆನೆದು, ಹರಿದ ವಿಮಾನ ಹಿಡಿದು ಮಿಸ್ತ್ರಿಯ ಮನೆಗೆ ಓಡಿದೆ.

ಅವರು ಶೆಡ್ಡಿನಿಂದ ತಮ್ಮ ಉಕ್ಕಿನ ಫೂಟಪಟ್ಟಿ ತಂದು ರೆಕ್ಕೆ ಅಳೆದರು. ನಾನು ಕೊಟ್ಟಿದ್ದ ಪಟ್ಟಿಯನ್ನು ತರಲು ಹೇಳಿದರು. ಎರಡನ್ನೂ ಒಂದು ತುದಿ ಸರಿಯಾಗಿ ಹೊಂದಿಸಿ ಪಕ್ಕಪಕ್ಕ ಇಟ್ಟರು. ಇನ್ನೊಂದು ತುದಿಯಲ್ಲಿ ಅವರ ಹನ್ನೆರಡು ಇಂಚು ನನ್ನ ಹನ್ನೆರಡು ಇಂಚಿಗಿಂತ ಮುಂದೆ ಇತ್ತು.

ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೇ ಕಟ್ಟಿಗೆಯ ಪ್ಯಾಟರ್ನನ್ನು ತುಸು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಇಂಚೇ ಒಂಚೂರು ಉದ್ದವಿರುವ ಪಟ್ಟಿಯನ್ನು ಈ ಕಸುಬಿನವರು ಬಳಸುತ್ತಾರೆ. ಮೂವತ್ತು ವರ್ಷ ಅವರ ಕೈ ಹಿಡಿದದ್ದು ಅದೊಂದನ್ನೇ. ರೆಕ್ಕೆ, ಮೈ ಎರಡನ್ನೂ ಅದರಲ್ಲೇ ಬರೆದಿದ್ದರೆ ವಿಮಾನ ತುಸು ದೊಡ್ಡದಾಗುತ್ತಿತ್ತು, ಅಷ್ಟೆ.

"ನಂದ ತಪ್ಪು," ಎಂದರು ಮಿಸ್ತ್ರಿ. "ಎರಡು ಪಟ್ಟಿ ಬೆರಕಿ ಮಾಡಬಾರದಿತ್ತು. ಪೇಪರಿನವರಿಗೆ ಹೇಳ್ರಿ, ಪ್ಯಾಟರ್ನ್ ಮಾಡಿದಾಂವನ ತಪ್ಪು ಅಂತ ಹೆಸರು ಹಾಕಿ ಛಾಪಿಸ್ಲಿ."

ಇಷ್ಟು ತಿಂಗಳು ಬುರ್ಲಿಯ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆಂದರೆ ಬ್ಯಾಡ ಬ್ಯಾಡ ಎಂದವರು ಇವರು.

ನಾನು ಸಂಪಾದಕರಿಗೆ ಫೋನು ಮಾಡಿದೆ. ಮಾಡಿ, ಮೂಲ ಚಿತ್ರ ಅಳೆದು ನೋಡಿದ್ದೇನೆ, ಅದು ಸರಿ ಇದೆ, ನಿಮ್ಮ ಪ್ರೆಸ್ಸಿನಲ್ಲೇ ಏನೋ ಆಗಿದೆ ಎಂದೆ. ಮಿಸ್ತ್ರಿಯ ಮರ್ಯಾದೆ ಉಳಿಸಲು ಹೀಗೆ ಹೇಳಿದೆನೆಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಖರೆ ಹೇಳಬೇಕೆಂದರೆ, ಧಾರಾವಾಹಿಯನ್ನು ಪುಸ್ತಕ ಮಾಡುವ ಮಾತು ಆಗ ನಡೆದಿತ್ತು. ವಿಜ್ಞಾನದ ಮಾಸ್ತರ ಫೂಟಪಟ್ಟಿಯಲ್ಲಿ ತಪ್ಪಿದ ಎಂಬ ಸುದ್ದಿ ನನಗೆ ಬೇಕಿರಲಿಲ್ಲ.

ಮುಂದಿನ ರವಿವಾರ ಪುರವಣಿಯ ಮೂಲೆಯಲ್ಲಿ ಎರಡು ಸಾಲು ಬಂತು. ಮುದ್ರಣದೋಷದಿಂದ ಅಳತೆ ತಪ್ಪಿದೆ, ವಿಷಾದಿಸುತ್ತೇವೆ. ಅದನ್ನು ಹಿಡಿದು ಮಿಸ್ತ್ರಿ ಮತ್ತೆ ನನ್ನ ಬಾಗಿಲಿಗೆ ಬಂದರು.

"ಆ ಚಿತ್ರಾ ಛಾಪಿಸಿದಾವ್ರು ಯಾರ್ರಿ?"

"ಪ್ರೆಸ್ಸಿನ್ಯಾಗ ಯಾರೋ ಅಚ್ಚಿನ ಪ್ಲೇಟ್ ಮಾಡಾವ್ರು."

"ಅವರಿಗೆ ಬೈದಿರಬೇಕಲ್ರಿ?"

"ಬೈದ್ರ ಏನಾತ್ರಿ? ಪ್ರೆಸ್ಸಿನ್ಯಾಗ ದಿನಾ ಬೈತಾರ."

ಮಿಸ್ತ್ರಿ ನನ್ನ ಮುಖವನ್ನೇ ನೋಡಿದರು. ಲೋಟದ ಓರೆ ನೋಡುವ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದರು. "ನಾಳೆ ಅರ್ಧಾ ದಿನ ರಜಾ ಹಾಕತೇನಿ. ಪ್ರೆಸ್ ತೋರಿಸ್ರಿ" ಎಂದು ಹೋದರು.

ಸೋಮವಾರ ಇಬ್ಬರೂ ಹೋದೆವು. ಸಂಪಾದಕರು ಒಳ್ಳೆಯವರು, ಕೂಡಿಸಿ ಚಹಾ ತರಿಸಿದರು. ಮಿಸ್ತ್ರಿ ಚಹಾ ಮುಟ್ಟದೆ, "ಮೊದಲಿಗೆ ಪ್ಲೇಟ್ ಮಾಡಿದವರನ್ನ ಕರೀರಿ ಸಾಹೇಬ್ರ" ಎಂದರು. ಬಂದವರು ನಲವತ್ತೈದು ದಾಟಿದ, ದಪ್ಪ ಕನ್ನಡಕದ ಮನುಷ್ಯ. ಅಂಗಿಯ ಮೇಲೆಲ್ಲ ಸುತಳಿಯ ಎಳೆ ಅಂಟಿತ್ತು. ಅವರನ್ನು ಪ್ಲೇಟಿನ ಕೆಲಸದಿಂದ ತೆಗೆದು ಪತ್ರಿಕೆಯ ಗಂಟು ಕಟ್ಟಲು ಹಾಕಿ ಆರು ದಿನವಾಗಿತ್ತು. ಮತ್ತೇನು ಕಾದಿದೆಯೋ ಎಂದು ಬಾಗಿಲಲ್ಲೇ ನಿಂತರು.

ಮಿಸ್ತ್ರಿ ಎದ್ದು ನಿಂತರು. ಚೀಲದಿಂದ ಎರಡೂ ಫೂಟಪಟ್ಟಿ ತೆಗೆದು ಮೇಜಿನ ಮೇಲೆ ಜೋಡಿಸಿ, ಆ ಮನುಷ್ಯನನ್ನು ಹತ್ತಿರ ಕರೆದು ತೋರಿಸಿದರು.

"ನೋಡ್ರಿ ಅಣ್ಣಾರ, ಇದು ನನ್ನ ಪಟ್ಟಿ. ರೆಕ್ಕಿ ಇದರಾಗ ಬರದೆ, ಮೈ ಅದರಾಗ ಬರದೆ. ನೀವು ಇದ್ದದ್ದನ್ನ ಇದ್ದಂಗ ಛಾಪ ಮಾಡೀರಿ. ನಿಮ್ಮ ಕೈ ಚೊಕ್ಕ ಐತಿ. ತಪ್ಪು ನಂದು."

ಆ ಮನುಷ್ಯ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಾ ಹೇಳಿದ್ನಿರಿ ಸಾಹೇಬ್ರಿಗೆ," ಎಂದರು. 

ಸಂಪಾದಕರು ನನ್ನ ಕಡೆ ತಿರುಗಿದರು. "ಮಾಸ್ತರ್ರ, ನೀವು ಮೂಲ ಚಿತ್ರ ಅಳದು ನೋಡೇನಿ ಅಂದಿದ್ರಲ್ಲ?"

ಹೇಳಲು ಅದೇ ಸಮಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು. "ನನಗೂ ತಿಳೀಲಿಲ್ರಿ. ನೋಡೂದ್ರಾಗ ಏನೋ ಹೆಚ್ಚುಕಡಿಮಿ ಆಗೇತಿ" ಎಂದೆ. ಮಿಸ್ತ್ರಿ ಫೂಟಪಟ್ಟಿಗಳನ್ನು ಚೀಲಕ್ಕೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

ಪ್ಲೇಟಿನವರು ಅದೇ ದಿನ ತಮ್ಮ ಕೆಲಸಕ್ಕೆ ಮರಳಿದರು. ಮುಂದಿನ ರವಿವಾರ ಸರಿಯಾದ ರೆಕ್ಕೆ ಅಚ್ಚಾಯಿತು. ಅದನ್ನು ಮಿಸ್ತ್ರಿ ಮೂರು ಸಲ ಕೂಡಿಸಿ ನೋಡಿ ಕಳಿಸಿದ್ದರು, ಪ್ಲೇಟ್ ಮಾಡಿದ್ದೂ ಅದೇ ಮನುಷ್ಯ. ನನ್ನ ಮಗಳ ಬುರ್ಲಿ ಪಡಸಾಲೆಯಲ್ಲಿ ಎರಡು ಸುತ್ತು ತೇಲಿ ದೇವರ ಮಾಡದ ಮುಂದೆ ಇಳಿಯಿತು. ವಿಷಾದದ ಸಾಲನ್ನು ಮಾತ್ರ ಸಂಪಾದಕರು ತಿದ್ದಲಿಲ್ಲ. ಒಮ್ಮೆ ವಿಷಾದಿಸಿದ್ದೇ ಸಾಕು ಎಂದರು.

ಆ ಸೋಮವಾರ ಪ್ರೆಸ್ಸಿನಿಂದ ಮರಳುವಾಗ ಬಸ್ಸಿನಲ್ಲಿ ಇಬ್ಬರಿಗೂ ಕೂಡಲು ಜಾಗ ಸಿಕ್ಕಿತು. ಉಣಕಲ್ ಕೆರೆ ದಾಟಿದ ಮೇಲೆ ನಾನೇ ಕೇಳಿದೆ.

"ನಾ ಗಡಿಬಿಡಿ ಮಾಡಿದ್ದು, ಪಟ್ಟಿ ಕೊಟ್ಟಿದ್ದು, ಗೊತ್ತಿದ್ದೂ ಸುಳ್ಳ ಹೇಳಿದ್ದು, ಯಾಕ ಹೇಳಲಿಲ್ರಿ?"

ಮಿಸ್ತ್ರಿ ಕಿಟಕಿಯ ಹೊರಗೆ ನೋಡುತ್ತ ಮೆಲ್ಲಗೆ ಹೇಳಿದರು: "ನನ್ನ ಪಾಲಿಂದು ನಾ ಹೇಳಿ ಬಂದೆ ಮಾಸ್ತರ್ರ. ನಿಮ್ಮದು ನಿಮ್ಮ ಕಡೆನ ಐತಿ."

ಸಿಟ್ಟಿನಿಂದ ಆಡಿದ ಮಾತಲ್ಲ. ಮರೆತು ಬಿಟ್ಟುಬಂದ ಛತ್ರಿಯ ಬಗ್ಗೆ ಹೇಳಿದಂತೆ ಹೇಳಿದರು.

ಅದಾಗಿ ಹನ್ನೊಂದು ವರ್ಷ ನಾವು ಮೂರು ಮನೆ ಅಂತರದಲ್ಲಿ ಬದುಕಿದೆವು. ಎಷ್ಟೋ ರವಿವಾರ ಒಟ್ಟಿಗೆ ಚಹಾ ಕುಡಿದೆವು. ಕಾರ್ಖಾನೆಗೆ ಕಂಪ್ಯೂಟರ್ ಬಂತು, ಅವರು ನಿವೃತ್ತರಾದರು, ಕಣ್ಣು ಮಂಜಾಯಿತು. ಬೆರಳಿನಿಂದ ಸವರಿಯೇ ಓರೆ ಹೇಳುತ್ತಿದ್ದರು, ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಪ್ರೆಸ್ಸಿನ ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ತಿಂಗಳು ಓಣಿಯವರು ಸೇರಿ ಸಂತಾಪ ಸಭೆ ಮಾಡಿದಾಗ, ಬರೆಯುವವರು ನೀವೇ ಎಂದು ನನ್ನನ್ನೇ ಮಾತಾಡಲು ನಿಲ್ಲಿಸಿದರು. ಅವರ ಕಸುಬು, ಸರಳತೆ, ಪ್ರಾಮಾಣಿಕತೆ ಎಂದು ಹದಿನೈದು ನಿಮಿಷ ಮಾತಾಡಿದೆ. ಎಲ್ಲರೂ ಚಲೋ ಮಾತಾಡಿದಿರಿ ಎಂದರು. ವೈನಿ ಕಣ್ಣೊರೆಸಿಕೊಂಡು ಕೈಮುಗಿದರು. ಮನೆಗೆ ಬಂದು ಕೂತ ಮೇಲೆ ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಆ ಪತ್ರಿಕೆ ಈಗ ನಿಂತುಹೋಗಿದೆ. ಸಂಪಾದಕರು ತೀರಿಕೊಂಡಿದ್ದಾರೆ. ಪ್ಲೇಟಿನವರು ಎಲ್ಲಿದ್ದಾರೋ ಗೊತ್ತಿಲ್ಲ, ಓದಿದರೆ ಅವರಿಗೆ ಮುಟ್ಟಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆರು ದಿನ ನೀವು ಗಂಟು ಕಟ್ಟಿದ್ದು ನನ್ನ ಸುಳ್ಳಿನಿಂದ. ಅಳತೆ ತಪ್ಪಿದ್ದು ಪ್ರೆಸ್ಸಿನಲ್ಲಲ್ಲ ಎಂದು ಫೋನು ಮಾಡುವ ಮೊದಲೇ ನನಗೆ ಗೊತ್ತಿತ್ತು, ನಿಮ್ಮ ಮುಂದೆ ನಿಂತು ಗೊತ್ತಿಲ್ಲ ಎಂದೆ. ಮಿಸ್ತ್ರಿ ಇರುವಾಗ ಇಷ್ಟನ್ನು ಹೇಳಿದ್ದರೆ ಅವರು ಏನೂ ಅನ್ನುತ್ತಿರಲಿಲ್ಲ. ಚಲೋ ಆತ್ರಿ, ಚಾ ಕುಡೀರಿ, ಎನ್ನುತ್ತಿದ್ದರು. ಅಷ್ಟು ಸುಲಭವಿತ್ತು. ನಾನು ಹೇಳಲಿಲ್ಲ.